ಮೊಸರಿನಲ್ಲಿ ಕದಡಿದ ಗುಳಿಗೆ

ಅಂದು ಬೆಳಿಗ್ಗೆ ಗೊರೇಬಾಳದ ಮೇಲೆ ಮಂಜು ಇಳಿದಿತ್ತು. ಶಿವರಾತ್ರಿ ಕಳೆದು ಐದು ದಿನವಾಗಿತ್ತು, ಮಂಜಿನ ಕಾಲ ಮುಗಿದಿತ್ತು, ಆದರೂ ಕಾಲುವೆಯ ನೀರಿನಿಂದ ಎದ್ದ ಬಿಳುಪು ಭತ್ತದ ಗದ್ದೆಗಳನ್ನು ದಾಟಿ ಊರೊಳಗೆ ಬಂದು ನಿಂತಿತ್ತು. ಚನ್ನವೀರನ ಮನೆಯ ಎಮ್ಮೆಯ ಬೆನ್ನ ಮೇಲೆಲ್ಲ ಸಣ್ಣ ಹನಿ. ಅವನ ಹೆಂಡತಿ ಶಿವಗಂಗಾ ಹಾಲು ಕರೆದು ಒಳಗೆ ಬಂದಾಗ ಮಗಳು ಶರಣಿ ಹಾಸಿಗೆಯ ಮೇಲೆ ಕುಳಿತು ಕಣ್ಣುಜ್ಜಿಕೊಳ್ಳುತ್ತಿದ್ದಳು. ಎರಡು ಕಣ್ಣೂ ಕೆಂಪಾಗಿದ್ದವು. ಹಣೆ ಮುಟ್ಟಿದರೆ ಸುಡುತ್ತಿತ್ತು.

“ಅವ್ವಾ, ಕಣ್ಣಾಗ ಉಸುಕು ಬಿದ್ದಂಗ ಆಗೇತಿ. ಉಗುಳು ನುಂಗಾಕೂ ಆಗವಲ್ದು.”

“ಮಂಜಿಗೆ ಹಂಗಾಗೇತಿ,” ಎಂದಳು ದೇವರ ಮನೆಯಿಂದ ಅಜ್ಜಿ ಬಸವಣ್ಣೆಮ್ಮ. “ಹಣಿಗೆ ಇಬತ್ತಿ ಹಚ್ಚಿ ಮಲಗಸು ಗಂಗಾ. ಬಿಸಲು ಬಿದ್ರ ಹೋಗ್ತೈತಿ.”

ಬಿಸಿಲು ಬಿತ್ತು. ಮಂಜು ಹೋಯಿತು. ಜ್ವರ ಹೋಗಲಿಲ್ಲ.

ಶರಣಿಗೆ ಹದಿನಾಲ್ಕು ವರ್ಷ, ಒಂಬತ್ತನೆಯ ಕ್ಲಾಸು. ಚನ್ನವೀರ, ಶಿವಗಂಗಾ ದಂಪತಿಗೆ ಒಬ್ಬಳೇ ಮಗಳು. ಬಸವಣ್ಣೆಮ್ಮ ತನ್ನ ಅತ್ತೆಯ ಹೆಸರನ್ನೇ ಮೊಮ್ಮಗಳಿಗೆ ಶರಣಮ್ಮ ಎಂದು ಇಟ್ಟು, ಕರೆಯುವಾಗ ಶರಣಿ ಮಾಡಿದ್ದಳು. ಮನೆಯ ಮೂವರೂ ಆ ಹುಡುಗಿಯನ್ನು ನೆಲಕ್ಕೆ ಇಳಿಸದಂತೆ ಬೆಳೆಸಿದವರೇ. ಮುಂದೆ ಹೇಳುವುದನ್ನು ಕೇಳುವ ಮೊದಲು ಇಷ್ಟನ್ನು ತಿಳಿದಿರಬೇಕು.

ಸಂಕ್ರಾಂತಿಯಾದ ವಾರ ಅವಳು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಬಿದ್ದಿದ್ದಳು. ಹಿಮ್ಮಡಿಗಳು ನೆಲಕ್ಕೆ ಬಡಿದವು, ಬಾಯಿಂದ ನೊರೆ, ನಾಲಿಗೆ ಕಚ್ಚಿ ರಕ್ತ. ಸುದ್ದಿ ಕೇಳಿ ಓಡಿದ ಶಿವಗಂಗಾ ಶಾಲೆಯ ಗೇಟಿನಿಂದ ನೋಡಿದ್ದು ಅದನ್ನೇ. ಆಮೇಲೆ ಎರಡು ಸಲ ಮನೆಯಲ್ಲೂ ಬಿದ್ದಳು. ಲಿಂಗಸುಗೂರಿಗೆ ತಿಂಗಳಲ್ಲಿ ಎರಡು ದಿನ ಬರುವ ನರರೋಗದ ಡಾಕ್ಟರಿಗೆ ತೋರಿಸಿದರು. ಅವರು ಬಿಳಿಯ ಗುಳಿಗೆ ಬರೆದುಕೊಟ್ಟು, ನಿಧಾನವಾಗಿಯೇ ಹೇಳಿದ್ದರು:

“ಮುಂಜಾನಿ ಒಂದು, ಸಂಜಿಗೊಂದು. ಒಂದು ದಿನಾನೂ ತಪ್ಪಸಬ್ಯಾಡವ್ವ. ನಡುವ ಬಿಟ್ರ ಫಿಟ್ಸ್ ಮ್ಯಾಲ ಫಿಟ್ಸ್ ಬರ್ತಾವು, ನಿಲ್ಲೂದಿಲ್ಲ. ಅಂಥಾ ಹುಡುಗೂರ್ನ ನೋಡೀನಿ ನಾ. ಆದ್ರ ಮೈಮ್ಯಾಲ ಗಂದಿ, ಗುಳ್ಳಿ ಏನರ ಕಂಡ್ರ ಮಾತ್ರ ಗುಳಿಗಿ ಬಿಟ್ಟು ಅವತ್ತ ಓಡಿ ಬರ್ರಿ.”

ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ಅರ್ಧ ತಾಸು ನಿಂತಿತು. ಚನ್ನವೀರ ಚಹಾ ಕುಡಿದು ಬಂದು, “ಏನಂದ್ರು ಡಾಕ್ಟ್ರು, ಇನ್ನೊಮ್ಮಿ ಹೇಳು,” ಅಂದ. ಶಿವಗಂಗಾ ಎರಡೂ ಮಾತು ತಪ್ಪದೆ ಒಪ್ಪಿಸಿದಳು. ಅವಳು ಯಾವುದನ್ನೂ ಮರೆತವಳಲ್ಲ.

ಗುಳಿಗೆ ಶುರುವಾಗಿ ಹದಿನೆಂಟು ದಿನ ಹುಡುಗಿ ಬೀಳಲಿಲ್ಲ. ಹತ್ತೊಂಬತ್ತನೆಯ ದಿನ ಈ ಮಂಜು, ಈ ಜ್ವರ.

ಮರುದಿನ ಮಂಗಳವಾರ. ಬೆವರಿದ ಅಂಗಿ ಬದಲಿಸಲು ಹೋದ ಅಜ್ಜಿಗೆ ಮೊಮ್ಮಗಳ ಎದೆಯ ಮೇಲೆ, ಕತ್ತಿನ ಕೆಳಗೆ ಚುಕ್ಕೆಗಳು ಕಂಡವು. ನಡುವೆ ಕಪ್ಪು, ಸುತ್ತ ಕೆಂಪು. ಬಸವಣ್ಣೆಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಿಯನ್ನು ಮೆಲ್ಲಗೆ ಇಳಿಸಿ ಎರಡೂ ಕೈ ಮುಗಿದಳು.

“ಗಂಗಾ, ಒಲಿಮ್ಯಾಲಿನ ಎಣ್ಣಿ ಇಳಸು. ಒಗ್ಗರಣಿ ಹಾಕಬ್ಯಾಡ. ಅಮ್ಮ ಬಂದಾಳ.”

ಓಣಿಯಲ್ಲಿ ಯಾವ ಮನೆಗೆ ಅಮ್ಮ ಬಂದರೂ ಕರೆಯುತ್ತಿದ್ದುದು ಬಸವಣ್ಣೆಮ್ಮನನ್ನೇ. ನಲವತ್ತು ವರ್ಷದಿಂದ ಅವಳು ಬೇವು ಕಟ್ಟಿದ್ದಾಳೆ, ಹಾಸಿಗೆ ಹಾಸಿದ್ದಾಳೆ, ಮಕ್ಕಳ ಮೈಗೆ ತಂಪು ನೀರು ಹಾಕಿ ತಾಯಿಯನ್ನು ಕಳಿಸಿಕೊಟ್ಟಿದ್ದಾಳೆ. ಒಂದು ಮಗುವೂ ಅವಳ ಕೈಯಲ್ಲಿ ಕೆಟ್ಟದ್ದಿಲ್ಲ. ಆದ್ದರಿಂದ ಅವಳು ಅಮ್ಮ ಎಂದರೆ ಅಮ್ಮ.

“ಆಯಿ,” ಅಂದಳು ಶರಣಿ ಮಲಗಿದಲ್ಲಿಂದ, ಒಡೆದ ದನಿಯಲ್ಲಿ, “ನಾಳಿಗೆ ಗಣಿತ ಟೆಸ್ಟ್ ಐತಿ. ಅಮ್ಮ ಬರೋಬ್ಬರಿ ಟೈಮಿಗೆ ಬಂದಾಳ ನೋಡು.”

“ಸುಮ್ನಿರ ಲೇ, ಹಂಗನಬಾರ್ದು.” ಅಜ್ಜಿ ನಗು ತಡೆದಳು. ಮರುಕ್ಷಣ ನಾಲಿಗೆ ಕಚ್ಚಿಕೊಂಡು ಬಗ್ಗಿ ಮೊಮ್ಮಗಳ ಪಾದ ಮುಟ್ಟಿದಳು. “ತಪ್ಪಾತವ್ವಾ, ‘ಲೇ’ ಅಂದ್ನಿ. ಹೊಟ್ಟ್ಯಾಗ ಹಾಕ್ಕೋ.”

“ಕಾಲು ಬಿಡು ಆಯಿ! ನಾ ಏನ್ ದೇವ್ರ? ನಾ ಶರಣಿ.”

“ಐದು ದಿನ ನೀ ಶರಣಿ ಅಲ್ಲ,” ಎಂದು ಬಸವಣ್ಣೆಮ್ಮ ಭಕ್ತಿಯಿಂದ ಹೇಳಿದಳು.

ಬಾಗಿಲಿಗೆ ಬೇವಿನ ಸೊಪ್ಪು ಬಂತು. ಹೊರಗೆ ಹೋಗಿ ಬಂದವರು ಕಾಲು ತೊಳೆಯದೆ ಒಳಗೆ ಬರುವಂತಿಲ್ಲ, ಹುಡುಗಿಯ ಕೋಣೆಗೆ ತಾಯಿ, ಅಜ್ಜಿ ಬಿಟ್ಟು ಯಾರೂ ಕಾಲಿಡುವಂತಿಲ್ಲ. ಉಣ್ಣಲು ಮೊಸರನ್ನ, ಎಳನೀರು. ಕಟ್ಟಳೆಯ ಕೊನೆಯ ಮಾತನ್ನು ಅಜ್ಜಿ ಅಡುಗೆಮನೆಯಲ್ಲಿ ಹೇಳಿದಳು:

“ಗುಳಿಗಿ ಕಟ್ಟಿ ಜಂತಿಗೆ ಸಿಗಸು. ಆಕಿ ಮೈಮ್ಯಾಲ ಇದ್ದಾಗ ಬ್ಯಾರೆ ಮದ್ದು ಹಾಕಿದ್ರ ಮುನಿಸ್ಕೊಂತಾಳ.”

“ಅತ್ತೀ, ಅವು ಫಿಟ್ಸಿನ ಗುಳಿಗಿರೀ. ತಪ್ಪಸಬಾರದು ಅಂತ ಡಾಕ್ಟ್ರು ಅಷ್ಟು ಹೇಳ್ಯಾರ...”

“ಆಕಿ ಇರೂತನಾ ಫಿಟ್ಸ್ ಬರೂದಿಲ್ಲ. ಆಕೀನ ಕಾಯ್ತಾಳ.”

ಚನ್ನವೀರ ಮಸ್ಕಿಯಿಂದ ಎಳನೀರು ತಂದು ಕಟ್ಟೆಗೆ ಇಳಿಸುತ್ತಿದ್ದವನು ಇದನ್ನು ಕೇಳಿ ಜೇಬಿನಿಂದ ಫೋನು ತೆಗೆದ. “ಲಿಂಗಸುಗೂರಿಗೆ ಒಂದ್ ಮಾತು ಕೇಳಲೇನಬೇ ಯವ್ವಾ?”

“ಕೇಳು. ಏನಂತ ಕೇಳ್ತಿ? ಮನಿಗೆ ತಾಯಿ ಬಂದಾಳ, ಹೊರಗ ಹಾಕಾಕ ಸೂಜಿ ಕೊಡ್ರಿ ಅಂತಿಯೇನು?”

ಅವನು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಂದು ತೀರ್ಮಾನ ತನ್ನ ತಲೆಯಿಂದ ಇಳಿದದ್ದಕ್ಕೆ ಅವನಿಗೆ ಹಗುರವೂ ಆಗಿತ್ತು.

ಶಿವಗಂಗಾ ನೆನಪಿಟ್ಟಿದ್ದ ಎರಡು ಮಾತುಗಳಲ್ಲಿ ಒಂದಕ್ಕೆ ಆವತ್ತು ಹೀಗೆ ಬಾಗಿಲು ಮುಚ್ಚಿತು. ಡಾಕ್ಟರು ಹೇಳಿದ್ದು ಗುಳ್ಳೆಯ ಬಗ್ಗೆ. ಇದಕ್ಕೆ ಅಮ್ಮ ಎಂಬ ಹೆಸರು ಬಂದಿತ್ತು, ಕೈ ಮುಗಿದಾಗಿತ್ತು. ದೇವಿಯನ್ನು ಗುಳ್ಳೆ ಎಂದು ಎಣಿಸುವುದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ. ಉಳಿದದ್ದು ಇನ್ನೊಂದು ಮಾತು: ಒಂದು ದಿನಾನೂ ತಪ್ಪಸಬ್ಯಾಡ. ಕಣ್ಣು ಮುಚ್ಚಿದರೆ ಶಾಲೆಯ ಅಂಗಳ, ನೆಲಕ್ಕೆ ಬಡಿಯುವ ಹಿಮ್ಮಡಿ. ಅತ್ತೆ ಎಮ್ಮೆಯ ಹಟ್ಟಿಗೆ ಹೋದದ್ದನ್ನು ನೋಡಿ ಅವಳು ಗುಳಿಗೆಯನ್ನು ಲೋಟದ ತಳದಿಂದ ಅರೆದು, ಮೊಸರಿನಲ್ಲಿ ಕದಡಿ, ಸಕ್ಕರೆ ಹಾಕಿ ಮಗಳ ಬಾಯಿಗಿಟ್ಟಳು. ತಾಯಿ, ತಪ್ಪು ನಂದು, ಕೂಸಿನ ಮೇಲೆ ಹಾಕಬೇಡ ಎಂದು ಒಳಗೇ ಬೇಡಿಕೊಂಡಳು. ಸಂಜೆ ಮತ್ತೆ ಹಾಗೆಯೇ.

ಬುಧವಾರ ಶರಣಿಯ ತುಟಿಗಳು ಬಾತು ಒಡೆದವು. ಚುಕ್ಕೆಗಳು ಕೂಡಿಕೊಂಡು ಎದೆಯೆಲ್ಲ ಒಂದೇ ಕೆಂಪಾಯಿತು. ಗುರುವಾರ ಬಾಯೊಳಗೆ ಬಿಳಿ ಪೊರೆ ಎದ್ದು, ಜೊಲ್ಲಿನ ಜೊತೆ ರಕ್ತ ಬರತೊಡಗಿತು. ಕಣ್ಣಿನ ರೆಪ್ಪೆಗಳು ಅಂಟಿ, ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಬೇಕಾಗಿತ್ತು.

“ಅವ್ವಾ, ಮೊಸರು ಬ್ಯಾಡ. ಕಹಿ ಐತಿ. ಉರಿತೈತಿ.”

“ಇದೊಂದು ತುತ್ತು, ನನ್ನವ್ವ. ಇದೊಂದ.”

ಹುಡುಗಿ ಬಟ್ಟಲು ತಳ್ಳಿದಳು. ತಾಯಿ ಎಡಗೈಯಿಂದ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ಬಲಗೈಯಿಂದ ತುತ್ತು ಇಟ್ಟಳು. ಗಲ್ಲ ಹಿಡಿದ ಬೆರಳಿನ ಗುರುತು ಕೂಸಿನ ಚರ್ಮದ ಮೇಲೆ ಹಾಗೇ ಉಳಿಯಿತು, ಹಸಿ ಸಾರಿಸಿದ ನೆಲದ ಮೇಲೆ ಉಳಿದಂತೆ. ಬಾಗಿಲಲ್ಲಿ ನಿಂತ ಬಸವಣ್ಣೆಮ್ಮ ಅಂದಳು:

“ಅಮ್ಮಗ ಬ್ಯಾಡಾಗೇತಿ ಗಂಗಾ. ಒತ್ತಾಯ ಮಾಡಬ್ಯಾಡ.”

“ಹೊಟ್ಟ್ಯಾಗ ಏನೂ ಇಲ್ಲಲ್ರೀ ಅತ್ತೀ.”

ಮೂರು ದಿನವೂ ಫಿಟ್ಸ್ ಬರಲಿಲ್ಲ. ಅಮ್ಮ ಕಾದಳು ಎಂದು ಅತ್ತೆ ದೀಪ ಹಚ್ಚಿದಳು. ತಾನು ಬಿಡದೆ ಕೊಟ್ಟದ್ದರಿಂದ ಉಳಿದಳು ಎಂದು ಸೊಸೆ ಅದೇ ದೀಪಕ್ಕೆ ಕೈ ಮುಗಿದಳು.

ಶುಕ್ರವಾರ ಹತ್ತು ಗಂಟೆಗೆ ಆಶಾ ಕಾರ್ಯಕರ್ತೆ ಸುರೇಖಾ ಬಂದು ಬೇವಿನ ಸೊಪ್ಪಿನ ಆಚೆಗೇ ನಿಂತಳು. ಹತ್ತು ವರ್ಷದಿಂದ ಈ ಓಣಿಯ ಕೂಸುಗಳಿಗೆಲ್ಲ ಲಸಿಕೆ ಹಾಕಿಸಿದವಳು ಅವಳು. ಅಮ್ಮ ಬಂದ ಮನೆಗೆ ನುಗ್ಗಿದರೆ ಮಂದಿ ತನ್ನ ಮುಖ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಆಯಿ, ಎಷ್ಟು ದಿನ ಆತು?”

“ನಾಕು. ಈ ಸಲ ಭಾಳ ಉಗ್ರ ಆಗ್ಯಾಳವ್ವ. ಬಾಯಾಗ, ಕಣ್ಣಾಗ ಎಲ್ಲಾ ಇಳದಾಳ.”

“ಬಾಯಾಗ ರಕ್ತ ಬರ್ತೈತೇನು?”

ಬಸವಣ್ಣೆಮ್ಮ ಒಳಗೆ ತಿರುಗಿ ನೋಡಿದಳು. ಒಳಗಿನಿಂದ ಶಿವಗಂಗಾ, “ಬರ್ತೈತ್ರಿ,” ಎಂದಳು.

“ನಾ ಕಾಲು ತೊಳ್ಕೊಂಡು ಬರ್ತೀನಿ, ಆಯಿ. ದೂರ ನಿಂತು ನೋಡ್ತೀನಿ. ಮುಟ್ಟೂದಿಲ್ಲ.”

ಮುದುಕಿ ತಾನೇ ತಂಬಿಗೆ ತಂದು ಸುರೇಖಾಳ ಕಾಲಿಗೆ ನೀರು ಹಾಕಿದಳು. ಒಳಗೆ ಶಿವಗಂಗಾ ಮಗಳನ್ನು ಮಗ್ಗುಲಿಗೆ ಹೊರಳಿಸಿದಾಗ ಭುಜದ ಚರ್ಮ ಹೊದಿಕೆಗೆ ಅಂಟಿ, ನೆನೆದ ಕಾಗದದಂತೆ ಜಾರಿ ಬಂತು. ಶರಣಿ ಕೂಗಲಿಲ್ಲ. ಕೂಗಲು ಬಾಯಿ ಇರಲಿಲ್ಲ.

“ಇದು ಅಮ್ಮ ಅಲ್ಲ,” ಎಂದಳು ಸುರೇಖಾ. “ಆಯಿ, ನಿಮ್ಮ ಕಾಲಿಗೆ ಬೀಳ್ತೀನಿ, ಇದು ಅಮ್ಮ ಅಲ್ಲ. ಇದು ಔಷಧಿ ಮೈಗೆ ಒಗ್ಗದ ಆದದ್ದು. ನಮ್ಮ ಟ್ರೇನಿಂಗಿನ್ಯಾಗ ಫೋಟೋ ತೋರಿಸ್ಯಾರ.”

ಬಸವಣ್ಣೆಮ್ಮ ಮೊಮ್ಮಗಳ ಬರಿ ಭುಜವನ್ನು ನೋಡಿದಳು, ಬಾಗಿಲಿಗೆ ಹೋದಳು, ತಾನು ಕಟ್ಟಿದ ಬೇವನ್ನು ತನ್ನ ಕೈಯಿಂದಲೇ ಹರಿದಳು. “ತಾಯೀ, ನೀ ಇದ್ರ ಬಿಟ್ಟು ಹೋಗು, ಇಲ್ಲಾಂದ್ರ ನನ್ನ ಕಣ್ಣು ಹೋಗ್ಯಾವ ಅಂತ ತಿಳ್ಕೋತೀನಿ,” ಎಂದು ಹೊಸ್ತಿಲಿಗೆ ಹಣೆ ಹಚ್ಚಿದಳು.

ಅದೇ ಓಣಿಯ ಹುಸೇನಬಾಷಾ ತನ್ನ ಹಳೆಯ ವ್ಯಾನಿನ ಹಿಂದಿನ ಸೀಟು ಬಿಚ್ಚಿ ಕೌದಿ ಹಾಸಿ ತಂದ. “ಚನ್ನವೀರಣ್ಣ, ಗುಂಡಿ ಬಂದ್ರ ನಾ ಹೇಳ್ತೀನಿ, ಕೂಸಿನ್ನ ಎತ್ತಿ ಹಿಡೀರಿ,” ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಓಡಿಸಿದ. ಸಿಂಧನೂರಿನಲ್ಲಿ ನೋಡಿದವರು ಒಂದು ಸಲೈನು ಬಾಟಲಿ ಹಚ್ಚಿ, ಆ್ಯಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಚರ್ಮದ ಡಾಕ್ಟರು ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು. ಲಿಂಗಸುಗೂರಿನ ಚೀಟಿ ನೋಡಿದಳು, ಶರಣಿಯ ರೆಪ್ಪೆ ಬಿಡಿಸಿ ನೋಡಿದಳು.

“ಫಿಟ್ಸಿನ ಗುಳಿಗಿ ಕೆಲವರ ಮೈಗೆ ಹಿಂಗ ತಿರುಗತಾವು. ಸಾವಿರಾರು ಮಂದ್ಯಾಗ ಒಬ್ಬರಿಗೆ. ಚರ್ಮ ಸುಟ್ಟಂಗ ಆಗಿ ಬಿಡತೈತಿ. ಕೊನೀ ಗುಳಿಗಿ ಯಾವಾಗ ಕೊಟ್ರಿ? ಸರಿಯಾಗಿ ಹೇಳ್ರಿ, ಇದು ಭಾಳ ಮುಖ್ಯ.”

“ಮಂಗಳವಾರ ಮುಂಜಾನಿಂದ ಬಂದ್ ರೀ,” ಎಂದಳು ಬಸವಣ್ಣೆಮ್ಮ. “ಅಮ್ಮ ಅಂತ ತಿಳದು ನಾನ ಬಂದ್ ಮಾಡ್ಸೀನಿ.”

“ಅದೊಂದು ಛಲೋ ಮಾಡೀರಿ, ಅಜ್ಜಿ. ಗೊತ್ತಿಲ್ಲದ ಮಾಡಿದ್ರೂ ಛಲೋ ಆತು. ಆದ್ರ ನಾಕು ದಿನ ಮನ್ಯಾಗ ಯಾಕ ಇಟ್ಕೊಂಡ್ರಿ? ಅವತ್ತ ತಂದಿದ್ರ...” ಡಾಕ್ಟರು ಮಾತು ನಿಲ್ಲಿಸಿ ಬರೆಯತೊಡಗಿದಳು.

ಶಿವಗಂಗಾ ಗೋಡೆಗೆ ಒರಗಿ ನಿಂತಿದ್ದಳು. ಏಳು ಸಲ ಎಂಬ ಮಾತು ಅವಳ ಗಂಟಲಿಗೆ ಬಂತು. ಮಂಗಳವಾರ ಎರಡು, ಬುಧವಾರ ಎರಡು, ಗುರುವಾರ ಎರಡು, ಇಂದು ಮುಂಜಾನೆ ಒಂದು. ಗಂಡ ಪಕ್ಕದಲ್ಲಿದ್ದ, ಅತ್ತೆ ಎದುರಿಗಿದ್ದಳು. ಹೇಳಿದರೆ ಮಗಳು ಉಳಿಯುತ್ತಾಳೆಯೇ? ಹೇಗೂ ಇನ್ನು ಕೊಡುವುದಿಲ್ಲವಲ್ಲ ಎಂದುಕೊಂಡಳು. ಡಾಕ್ಟರಮ್ಮ ಹಾಳೆ ತಿರುವಿದಳು. ಮಾತು ಕೆಳಗಿಳಿಯಿತು.

ಬಟ್ಟೆ ಅಂಟುತ್ತದೆ ಎಂದು ನರ್ಸುಗಳು ಬಾಳೆ ಎಲೆಯ ಮೇಲೆ ಮಲಗಿಸಿದರು. ವ್ಯಾನಿನಲ್ಲಿ ಹಿಂದೆಯೇ ಬಂದಿದ್ದ ಹುಸೇನಬಾಷಾ ದಿನಕ್ಕೊಮ್ಮೆ ತೋಟ ಹುಡುಕಿ ಎಳೆಯ ಎಲೆ ತರುತ್ತಿದ್ದ. ಮನೆಯಲ್ಲಿ ಊಟಕ್ಕೆ, ಪೂಜೆಗೆ ಹಾಸುವ ಎಲೆಯ ಮೇಲೆ ಶಿವಗಂಗಾ ಮಗಳನ್ನು ದಿನವೂ ನೋಡಿದಳು. ಪಕ್ಕದ ಮಂಚದ ರೋಗಿಯ ತಾಯಿ ಲಾಲ್‌ಬೀ ತನ್ನ ಮಗನಿಗೆ ಗಂಜಿ ಕುಡಿಸಿದ ಮೇಲೆ ಇವಳಿಗೂ ಒಂದು ಲೋಟ ತಂದು, “ಕುಡಿಯವ್ವ, ನೀ ನಿಂತ್ರ ಆಕಿ ನಿಲ್ತಾಳ,” ಎನ್ನುತ್ತಿದ್ದಳು. ಹೆಸರಿಡಲಾಗದ ನೋವನ್ನು ಶಿವನು ಯಾರಿಗೆ ಯಾಕೆ ಕೊಡುತ್ತಾನೆಂದು ಕೇಳುವ ಬಾಯಿ ಆ ವಾರ್ಡಿನಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಜಪ ಮಾತ್ರ ಮಾಡುತ್ತಿದ್ದರು, ಒಬ್ಬೊಬ್ಬರು ತಮ್ಮ ತಮ್ಮ ಮಾತಿನಲ್ಲಿ.

ನಾಲ್ಕನೆಯ ದಿನ ಡಾಕ್ಟರಮ್ಮ ಚೀಟಿ ನೋಡುತ್ತ ತನ್ನಷ್ಟಕ್ಕೆ ಅಂದಳು: “ಶುರುವಾದ ದಿನಾನ ಬಿಟ್ಟೀರಿ. ಆದ್ರೂ ಇಷ್ಟು ಹಬ್ಬೇತಿ. ಹಿಂಗಾಗಬಾರದಿತ್ತು.”

ಶಿವಗಂಗಾ ಮಗಳ ಕಡೆ ನೋಡಿದಳು. ಶರಣಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಕೇಳುತ್ತಿತ್ತು. ತಾಯಿಯ ಬಳೆಯ ಸಪ್ಪಳವಾದರೆ ಸಾಕು, ಅವಳು ಬಾಯಿ ಬಿಗಿಯುತ್ತಿದ್ದಳು. ಅವತ್ತೇ ಶಿವಗಂಗಾ ಬಳೆ ತೆಗೆದಿಟ್ಟಳು.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶರಣಿ ತೀರಿಕೊಂಡಳು. ಉಸಿರಿನ ದಾರಿಯೊಳಗಿನ ಪೊರೆಯೂ ಸುಲಿದಿತ್ತು ಎಂದರು.

ಮರುದಿನ ಅವರ ಹೊಲದ ಮೂಲೆಯಲ್ಲಿ, ಕಾಲುವೆಯ ನೀರು ಏರದ ಕೆಂಪು ನೆಲದಲ್ಲಿ ಗುಂಡಿ ತೋಡಿದರು. ಮನೆತನದ ಅಯ್ಯನವರಾದ ಕರಿಬಸಯ್ಯ ವಿಭೂತಿ, ಬಿಲ್ವಪತ್ರೆ ಇಟ್ಟು ಮಂತ್ರ ಹೇಳಿದರು. ಕುಳ್ಳಿರಿಸಿದ ಹುಡುಗಿಯ ಮೈತುಂಬ ಬಿಳಿ ಬಟ್ಟೆ, ಮುಖವೂ ಕಾಣದಂತೆ. ಅವರ ಪದ್ಧತಿಯಲ್ಲಿ ಮನೆಯವರೆಲ್ಲ ಮಣ್ಣು ಕೊಡಬೇಕು, ಒಬ್ಬೊಬ್ಬರು ಒಂದೊಂದು ಹಿಡಿ. ಮಣ್ಣು ಕೊಡದವರಿಗೂ ಹೋದವರಿಗೂ ನಡುವೆ ಏನೋ ಮುಗಿಯದೇ ಉಳಿಯುತ್ತದೆ ಎಂದು ಹಿರಿಯರು ನಂಬಿಕೊಂಡು ಬಂದಿದ್ದಾರೆ. ಚನ್ನವೀರ ಕೊಟ್ಟ. ಶಿವಗಂಗಾ ಕೊಟ್ಟಳು. ಬಸವಣ್ಣೆಮ್ಮ ಬಗ್ಗಿ ಹಿಡಿ ತುಂಬಿಕೊಂಡು ಮುಂದೆ ಬಂದಾಗ ಚನ್ನವೀರ ತಾಯಿಯ ಮಣಿಕಟ್ಟು ಹಿಡಿದ.

“ನೀ ಕೊಡಬ್ಯಾಡ.”

“ಚನ್ನಾ...”

“ಕೈ ಮುಗಿದು ಮುಗಿದು ಕೊಂದಿ ನನ್ನ ಮಗಳ್ನ. ಫೋನ್ ಹಚ್ತೀನಿ ಅಂದ್ರ ಬಿಡಲಿಲ್ಲ. ನಾಕು ದಿನ! ಡಾಕ್ಟ್ರು ಅಂದದ್ದು ಕೇಳಿದ್ಯಲ್ಲ? ಆ ಮಣ್ಣು ಕೆಳಗ ಹಾಕು.”

ಕರಿಬಸಯ್ಯನವರು, “ಹಂಗನಬ್ಯಾಡೋ ತಮ್ಮ, ಹಡದಾಕಿ,” ಎಂದರು. ಚನ್ನವೀರ ಕೈ ಬಿಡಲಿಲ್ಲ. ಊರ ಮಂದಿ ತಲೆ ತಗ್ಗಿಸಿದರು, ಕೆಲವರು ಹೌದು ಎನ್ನುವಂತೆ. ಮುದುಕಿ ಸುತ್ತ ನೋಡಿದಳು. ಅವಳ ಕಣ್ಣು ಸೊಸೆಯ ಮೇಲೆ ಒಂದು ಕ್ಷಣ ನಿಂತಿತು, ಆಸರೆ ಕೇಳುವಂತೆ. ಶಿವಗಂಗಾ ಗುಂಡಿಯನ್ನೇ ನೋಡುತ್ತಿದ್ದಳು. ಬಸವಣ್ಣೆಮ್ಮ ಬೆರಳು ಬಿಡಿಸಿದಳು. ಮಣ್ಣು ಅವಳ ಕಾಲ ಬಳಿಯೇ ಬಿತ್ತು.

ಅಂದಿನಿಂದ ಅವಳು ಹಟ್ಟಿಯ ಪಡಸಾಲೆಯಲ್ಲಿ ಚಾಪೆ ಹಾಸಿದಳು. ತಟ್ಟೆ ಅಲ್ಲಿಗೇ ತರಿಸಿಕೊಳ್ಳುತ್ತಿದ್ದಳು, ಒಮ್ಮೊಮ್ಮೆ ಮುಟ್ಟದೆ ಎಮ್ಮೆಯ ಕಲಗಚ್ಚಿನ ಬಾನಿಗೆ ಹಾಕುತ್ತಿದ್ದಳು. ಎರಡು ಮನೆ ಆಚೆ ಒಂದು ಕೂಸಿಗೆ ನಿಜವಾದ ಅಮ್ಮ ಬಂದಾಗ ಯಾರೂ ಅವಳನ್ನು ಕರೆಯಲಿಲ್ಲ. ಸೊಸೆ ಊಟ ಇಡಲು ಹೋದರೆ, “ನೀನರ ಉಣ್ಣು ಗಂಗಾ. ನೀ ಹೆತ್ತಾಕಿ. ನಿನಗ ನಾ ಏನ್ ಮುಖ ತೋರಿಸಲಿ?” ಎನ್ನುತ್ತಿದ್ದಳು. ಶಿವಗಂಗಾ ತಟ್ಟೆ ಇಟ್ಟು ಓಡುವಂತೆ ಹಿಂದಿರುಗುತ್ತಿದ್ದಳು.

ಹೇಳಬೇಕೆಂದು ಅವಳು ದಿನಕ್ಕೆ ಎಷ್ಟು ಸಲ ಹಟ್ಟಿಯವರೆಗೆ ಹೋದಳೋ ಶಿವನಿಗೆ ಗೊತ್ತು. ಹೇಳಿದರೆ ಗಂಡ ತನ್ನನ್ನೂ ಹಾಗೇ ನೋಡುತ್ತಾನೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬಾಯಿಬಿಟ್ಟು ಹೇಳಿದ ದಿನ ಅದು ಖರೆ ಆಗುತ್ತದೆ. ಹೇಳುವ ತನಕ, ಮೊಸರು ಬರೀ ಮೊಸರೇ ಆಗಿದ್ದಿರಬಹುದು.

ಶರಣಿ ತೀರಿದ ಹದಿನೇಳನೆಯ ದಿನ, ಊಟದ ಹೊತ್ತಿಗೆ ಚನ್ನವೀರನ ಫೋನಿಗೆ ಕರೆ ಬಂತು. ಅವನು ಕೈ ತೊಳೆಯುತ್ತಿದ್ದ, ಫೋನನ್ನು ಕಟ್ಟೆಯ ಮೇಲಿಟ್ಟು ದನಿ ದೊಡ್ಡದು ಮಾಡಿದ. ಆಸ್ಪತ್ರೆಯ ಡಾಕ್ಟರಮ್ಮ.

“ಔಷಧಿಯಿಂದ ಹಿಂಗಾದ್ರ ಒಂದು ಫಾರ್ಮ್ ಬರ್ದು ಕಳಸಬೇಕಾಗ್ತೈತ್ರಿ, ಮುಂದ ಬ್ಯಾರೆ ಮಕ್ಕಳಿಗೆ ಉಪಯೋಗ ಆಗ್ಲಿ ಅಂತ. ಒಂದ ಪ್ರಶ್ನೆ. ಗುಳಿಗಿ ಶುರು ಮಾಡಿದ ತಾರೀಖು ಚೀಟ್ಯಾಗ ಐತಿ. ಬಿಟ್ಟದ್ದು ಚುಕ್ಕಿ ಕಂಡ ಮಂಗಳವಾರ. ಹಂಗ ಬರೀಲಿ?”

“ಹೌದ್ರಿ,” ಎಂದ ಚನ್ನವೀರ.

ಹಟ್ಟಿಯಲ್ಲಿ ಬಸವಣ್ಣೆಮ್ಮ ತಲೆ ಎತ್ತಿದಳು. ಶಿವಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕಟ್ಟೆಯ ಹತ್ತಿರ ಕುಳಿತಳು.

“ಹಂಗ ಬರೀಬ್ಯಾಡ್ರಿ,” ಅಂದಳು. “ಬಿಟ್ಟಿದ್ದಿಲ್ರಿ. ನಮ್ಮತ್ತಿ ಬಂದ್ ಮಾಡು ಅಂದ್ರು. ನಾ ಮಾಡಲಿಲ್ಲ. ಮೊಸರಾಗ ಅರದು ಕೊಟ್ಟೀನಿ. ಶುಕ್ರಾರ ಮುಂಜಾನಿತನಾ. ಏಳು ಸಲ. ಕೂಸು ಬ್ಯಾಡಂತು. ಗಲ್ಲ ಹಿಡದು ಕೊಟ್ಟೀನ್ರಿ.”

ಚನ್ನವೀರನ ಕೈಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಯಾಕ ಕೊಟ್ರಿ ಅಮ್ಮ?” ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದಳು.

“ಒಂದು ದಿನಾನೂ ತಪ್ಪಸಬ್ಯಾಡ ಅಂದಿದ್ರಿ.”

“ನಾ ಅಂದಿಲ್ಲ...” ಎಂದು ಅವಳು ಅಲ್ಲಿಗೇ ಬಿಟ್ಟಳು. “ಬಿಟ್ಟಿದ್ರ ಉಳೀತಿದ್ಲು ಅಂತ ನಾ ಹೇಳಾಕ ಬರೂದಿಲ್ಲ. ಆ ಗುಳಿಗಿ ಮೈಯಾಗ ಎಷ್ಟೋ ದಿನ ಇರ್ತೈತಿ. ಉಳೀತಿದ್ದಿಲ್ಲ ಅಂತನೂ ಹೇಳಾಕ ಬರೂದಿಲ್ಲ. ಶುಕ್ರವಾರ ಅಂತ ಬರೀತೀನಿ.”

“ಬರೀರಿ.”

ಕರೆ ಮುಗಿಯಿತು. ಚನ್ನವೀರ ಹೆಂಡತಿಯ ಮುಖ ನೋಡಲಿಲ್ಲ. ಹಟ್ಟಿಯ ಕಡೆಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಸಲಿಕೆ ಹೆಗಲಿಗೆ ಹಾಕಿಕೊಂಡು, ಉಣ್ಣದೆ ಹೊಲದ ದಾರಿ ಹಿಡಿದ.

ಬಸವಣ್ಣೆಮ್ಮ ಚಾಪೆಯಿಂದ ಎದ್ದು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಸೊಸೆಯ ಎದುರು ನಿಂತಳು. ಬೈಯುತ್ತಾಳೆಂದು ಶಿವಗಂಗಾ ಕಾದಳು, ಬೈದರೆ ಒಳ್ಳೆಯದು ಎಂದೂ ಅನ್ನಿಸಿತು.

“ನಾ ಬಾಗಲದಾಗ ನಿಂತಿದ್ನಿ,” ಎಂದಳು ಮುದುಕಿ ಕೊನೆಗೆ. “ಒತ್ತಾಯ ಮಾಡಬ್ಯಾಡ ಅಂದೆ. ಅಮ್ಮ ಒಲ್ಲೆ ಅನ್ನಾಕತ್ಯಾಳ ಅಂತ ತಿಳದ್ನಿ. ಅನ್ನಾಕತ್ತಿದ್ದು ಶರಣಿ.”

“ಹೌದ್ರೀ ಅತ್ತೀ.”

“ಇಬ್ಬರಿಗೂ ಕೇಳಲಿಲ್ಲ.”

ಶಿವಗಂಗಾ ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಅತ್ತೆಯ ಕೈ ಹಿಡಿದಳು. “ನಡೀರಿ,” ಎಂದಳು.

ಮಧ್ಯಾಹ್ನದ ಬಿಸಿಲು ಭತ್ತದ ನೀರಿನ ಮೇಲೆ ನಿಂತಿತ್ತು. ಮುದುಕಿಯ ಕಾಲಿಗೆ ತಕ್ಕಂತೆ ನಿಂತು ನಿಂತು ನಡೆದು ಹೊಲದ ಮೂಲೆಗೆ ಬರುವಷ್ಟರಲ್ಲಿ ಚನ್ನವೀರ ಸಮಾಧಿಯ ಬದಿಗೆ ಕುಕ್ಕರಗಾಲಲ್ಲಿ ಕುಳಿತಿದ್ದ. ತಾಯಿಯನ್ನು ಕಂಡು ಎದ್ದು ನಿಂತ. ಶಿವಗಂಗಾ ಬಗ್ಗಿ ಸಮಾಧಿಯ ಮಣ್ಣಿಗೆ ಬೆರಳು ಹಾಕಿದಳು. ಎರಡು ವಾರದ ಬಿಸಿಲಿಗೆ ಅದು ಕಲ್ಲಾಗಿತ್ತು, ಉಗುರು ಇಳಿಯಲಿಲ್ಲ. ಅವಳು ಮತ್ತೆ ಮತ್ತೆ ಕೆರೆದಳು. ಚನ್ನವೀರ ಮುಖವನ್ನು ಕಾಲುವೆಯ ಕಡೆ ತಿರುಗಿಸಿಕೊಂಡೇ ಸಲಿಕೆ ತೆಗೆದು, ಸಮಾಧಿಯ ಪಕ್ಕದ ನೆಲಕ್ಕೆ ಎರಡು ಸಲ ಮೆಲ್ಲಗೆ ಹೊಡೆದು ಮಣ್ಣು ಸಡಿಲ ಮಾಡಿ ಹಿಂದೆ ಸರಿದ.

ಶಿವಗಂಗಾ ಅದರಲ್ಲಿ ಒಂದು ಹಿಡಿ ತೆಗೆದುಕೊಂಡು, ಹೆಂಟೆ ಒಡೆದು ಪುಡಿ ಮಾಡಿ, ಅತ್ತೆಯ ಬೊಗಸೆ ಬಿಡಿಸಿ ಅದರಲ್ಲಿಟ್ಟಳು.